ಟ್ಯಾಂಕಿಗೆ ಬೀಗ ಬಿದ್ದ ತಿಂಗಳು

ಕಳೆದ ವಾರ ನನ್ನ ತಂಗಿಯ ಮಗ ವಿನೋಬನಗರದ ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿ ಇಳಿದಾಗ, ಅವನ ಹಿಂದೆಯೇ ಒಂದು ಸುಟ್ಟ ವಾಸನೆ ಗೇಟು ದಾಟಿ ಬಂತು. ಹಳೆಯ ಚಪ್ಪಲಿಯನ್ನು ಒಲೆಗೆ ಹಾಕಿದರೆ ಬರುತ್ತದಲ್ಲ, ಹೆಚ್ಚುಕಡಿಮೆ ಅಂಥದ್ದು. ನಾನು ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಕೈ ಅಲ್ಲಿಗೇ ನಿಂತಿತು.

"ಸರ್ವೀಸ್ ಮಾಡಿಸ್ಕೊಂಡು ಬಂದಾಗಿಂದ ಪೆಟ್ರೋಲ್ ನೀರು ಕುಡ್ದಂಗೆ ಕುಡೀತಿದೆ ದೊಡ್ಡಮ್ಮ. ನಂಗ್ಯಾಕೋ ನಮ್ಮ ಡ್ರೈವರ್ ಮೇಲೇ ಅನುಮಾನ, ಅದಕ್ಕೇ ಇವತ್ತು ನಾನೇ ಓಡಿಸ್ಕೊಂಡು ಬಂದೆ," ಎಂದ ಅವನು, ಚಪ್ಪಲಿ ಬಿಡುತ್ತಾ.

ಕೋಲು ಊರಿಕೊಂಡು ಹೊರಗೆ ಹೋದೆ. ಮುಂದಿನ ಚಕ್ರದ ಹತ್ತಿರ ಬಗ್ಗಿ ಕೈಯ ಹಿಂಬದಿ ಇಟ್ಟೆ. ಇಟ್ಟ ಕೈ ತಾನಾಗಿ ಹಿಂದಕ್ಕೆ ಬಂತು. "ಡ್ರೈವರ್ ಸುದ್ದಿ ಬಿಡು. ಬ್ರೇಕ್ ಹಿಡ್ಕೊಂಡಿದೆ, ಹೋಗಿ ತೋರ್ಸು," ಎಂದೆ. ಜೀವಮಾನವೆಲ್ಲ ಹೆರಿಗೆ ಮಾಡಿಸಿದ ಮುದುಕಿಗೆ ಕಾರಿನ ಬ್ರೇಕಿನ ವಿಷಯ ಎಲ್ಲಿಂದ ಗೊತ್ತಾಯಿತು ಎಂದು ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಾನು ಹೇಳಲಿಲ್ಲ. ಅವನು ಅವತ್ತೇ ವರ್ಕ್‌ಶಾಪಿಗೆ ಹೋದ. ಒಂದು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಸರಿಮಾಡಿ ಕೊಟ್ಟರಂತೆ. ಅವನ ಪಾಲಿಗೆ ಅದು ಅಲ್ಲಿಗೆ ಮುಗಿಯಿತು. ನನಗೆ ಮಾತ್ರ ಅವತ್ತಿನಿಂದ ಊಟ ಸೇರುತ್ತಿಲ್ಲ.

ನಾನು ಹೇಳಹೊರಟದ್ದು ಎರಡನೇ ಮಹಾಯುದ್ಧದ ಕಾಲದ ಮಾತು. ಶಿವಮೊಗ್ಗದಲ್ಲಿ ಒಬ್ಬ ಡಾಕ್ಟರ ಬಳಿ ನಾನು ನರ್ಸಾಗಿದ್ದೆ. ಮದುವೆಯಾಗದ ಹೆಣ್ಣು, ಬಿಳಿ ಸೀರೆ ಉಟ್ಟುಕೊಂಡು ಗಂಡಸರ ಜೊತೆ ಕಾರಿನಲ್ಲಿ ತಿರುಗುತ್ತಾಳೆ ಎಂದು ಊರಿನವರು ಆಡಿಕೊಂಡಿದ್ದೂ ಉಂಟು. ಆಡಿಕೊಂಡವರ ಮನೆಯ ಹೆರಿಗೆಗಳನ್ನೂ ನಾನೇ ಮಾಡಿಸಿದ್ದೇನೆ, ಅದು ಬೇರೆ ಮಾತು. ಡಾಕ್ಟರು ಭದ್ರಾವತಿಯ ಹಳೇ ಊರಿನಲ್ಲೂ ಒಂದು ಸಣ್ಣ ದವಾಖಾನೆ ಇಟ್ಟಿದ್ದರು. ವಾರಕ್ಕೆ ಎರಡು ಸಲ ಅಲ್ಲಿಗೆ ಹೋಗುತ್ತಿದ್ದೆವು. ಕಾರು ಓಡಿಸುತ್ತಿದ್ದವನನ್ನು ನಾನು ಡ್ರೈವರಣ್ಣ ಎಂದು ಕರೆಯುತ್ತಿದ್ದೆ. ಅಣ್ಣನನ್ನು ಏಕವಚನದಲ್ಲಿ ಕರೆಯುವ ಮನೆ ನಮ್ಮದು, ಹಾಗಾಗಿ ಇಲ್ಲಿಯೂ ಅವನು ಎಂದೇ ಹೇಳುತ್ತೇನೆ.

ಅವನು ಸಾಧುಪ್ರಾಣಿಯೇನೂ ಆಗಿರಲಿಲ್ಲ. ಜಂಬದ ಮನುಷ್ಯ. ಖಾಕಿ ಕೋಟಿನ ಗುಂಡಿಗಳನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದ. ಮೀಸೆಗೆ ಕೊಬ್ಬರಿ ಎಣ್ಣೆ. ದೊಡ್ಡಪೇಟೆಯಲ್ಲಿ ಹೋಗುವಾಗ ಬೇಕಿಲ್ಲದಿದ್ದರೂ ಹಾರನ್ನಿನ ರಬ್ಬರು ಚೆಂಡು ಒತ್ತುತ್ತಿದ್ದ. "ಈ ಜಿಲ್ಲೇಲಿ ಕಾರು ಓಡ್ಸೋರು ಬೇಕಾದಷ್ಟು ಜನ ಇದಾರೆ ಮಾರಾಯ್ತಿ, ಓಡ್ಸೋಕೆ ಬರೋನು ನಾನೊಬ್ನೇ," ಎಂದು ನನ್ನ ಹತ್ತಿರವೇ ಎಷ್ಟು ಸಲ ಹೇಳಿದ್ದನೋ. ಕಾರಾದರೂ ಎಂಥದ್ದು? ಕಾಫಿ ತೋಟದ ಬಿಳಿ ದೊರೆಯೊಬ್ಬ ಇಂಗ್ಲೆಂಡಿಗೆ ವಾಪಸು ಹೋಗುವಾಗ ಮಾರಿಹೋಗಿದ್ದ ಮುದಿ ಕಾರು. ಹ್ಯಾಂಡಲ್ ತಿರುಗಿಸದೆ ಎಂಜಿನ್ ಏಳುತ್ತಿರಲಿಲ್ಲ. ಎಷ್ಟು ಮೈಲಿ ಓಡಿತೆಂದು ತೋರಿಸುವ ಮೀಟರು ದೊರೆಯ ಕಾಲದಲ್ಲೇ ಕಣ್ಣು ಮುಚ್ಚಿತ್ತು. ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ ಎಂದು ತಿಳಿಯಲು ಹಿಂದಿನ ಮುಚ್ಚಳ ತೆಗೆದು ಬಿದಿರಿನ ಕಡ್ಡಿ ಅದ್ದಿ ನೋಡಬೇಕಿತ್ತು.

ಪೆಟ್ರೋಲಿಗೆ ಆಗ ಕೂಪನ್. ಸರ್ಕಾರ ಕೊಟ್ಟಷ್ಟೇ, ಅದು ಮುಗಿದರೆ ಕಾರು ಕೊಟ್ಟಿಗೆಯಲ್ಲಿ. ಬಸ್ಸುಗಳು ಪೆಟ್ರೋಲಿಲ್ಲದೆ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು, ಅದರ ಗ್ಯಾಸಿನಿಂದ ಕೆಮ್ಮುತ್ತಾ ಓಡಾಡುತ್ತಿದ್ದವು. ಡಾಕ್ಟರೆಂಬ ಕಾರಣಕ್ಕೆ ನಮಗೆ ಒಂದಿಷ್ಟು ಹೆಚ್ಚು ಸಿಗುತ್ತಿತ್ತು. ಡ್ರೈವರಣ್ಣ ಅದನ್ನು ತುಪ್ಪದಂತೆ ಬಳಸುತ್ತಿದ್ದ. ಭದ್ರಾವತಿ ದಾರಿಯಲ್ಲಿ ನಿದಿಗೆ ದಾಟಿದ ಮೇಲೆ ಒಂದು ಉದ್ದನೆಯ ಇಳಿಜಾರು ಇತ್ತು. ಅದರ ನೆತ್ತಿಗೆ ಬಂದೊಡನೆ ಎಂಜಿನ್ ಆರಿಸಿಬಿಡುತ್ತಿದ್ದ. ಕಾರು ತನ್ನಷ್ಟಕ್ಕೆ ಉರುಳಿಕೊಂಡು ಕೆಳಗಿನ ಮೋರಿಯವರೆಗೆ ಹೋಗುತ್ತಿತ್ತು. ಎಂಜಿನ್ ಸದ್ದು ನಿಂತಾಗ ಗಾಳಿಯ ಶಬ್ದ, ಟಯರಿನಡಿ ಜಲ್ಲಿಯ ಶಬ್ದ ಮಾತ್ರ. ಮೊದಮೊದಲು ನನಗದು ಇಷ್ಟವಾಗುತ್ತಿತ್ತು...

ಒಂದು ದಿನ ಡಾಕ್ಟರ ತಾಯಿಯನ್ನು ದೇವಸ್ಥಾನದಿಂದ ಕರೆತರುವಾಗ ಪೇಟೆಯಲ್ಲಿ ಒಂದು ಕರು ಅಡ್ಡ ಬಂತು. ಕಾರು ನಿಂತಿತು, ಕರುವಿಗೂ ಕಾರಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಮನೆಗೆ ಬಂದು ಆ ತಾಯಿ ಊಟ ಬಿಟ್ಟು ಮಲಗಿದರು. ಗೋಹತ್ಯೆ ಆಗಿಹೋಗುತ್ತಿತ್ತಲ್ಲ ಎಂಬುದೇ ಅವರ ಕೊರಗು. ಕಾರು ಹೇಗೂ ಸರ್ವೀಸಿಗೆ ಹೋಗುವುದಿತ್ತು. ಡಾಕ್ಟರು ವರ್ಕ್‌ಶಾಪಿನ ಮೇಸ್ತ್ರಿಗೆ, "ಬ್ರೇಕ್ ಚೆನ್ನಾಗಿ ಬಿಗಿ ಮಾಡಪ್ಪ, ಕಾಲು ಮುಟ್ಟಿಸಿದ್ರೆ ನಿಲ್ಬೇಕು," ಎಂದು ನನ್ನೆದುರಿಗೇ ಹೇಳಿದರು. ಆ ಕಾಲದ ಬ್ರೇಕು ಕಂಬಿಗಳದ್ದು. ಕಂಬಿಯ ತುದಿಯ ತಿರುಪು ತಿರುಗಿಸಿದರೆ ಬಿಗಿ, ವಾಪಸು ತಿರುಗಿಸಿದರೆ ಸಡಿಲ. ಎಣ್ಣೆ ಬದಲಾಯಿಸಿ, ಪ್ಲಗ್ ತೊಳೆದು, ಬ್ರೇಕ್ ಬಿಗಿದು, ಮೈಯೆಲ್ಲ ಒರೆಸಿ ಕಾರನ್ನು ಮದುವಣಗಿತ್ತಿಯ ಹಾಗೆ ತಂದು ನಿಲ್ಲಿಸಿದರು.

ಆ ತಿಂಗಳು ಮುಗಿಯುವ ಎಷ್ಟೋ ಮೊದಲೇ ಕೂಪನ್ನೆಲ್ಲ ಖರ್ಚಾಗಿ ಕಡ್ಡಿ ಒಣಗಿ ಮೇಲೆ ಬಂತು. ಡಾಕ್ಟರು ಹುಬ್ಬು ಗಂಟಿಕ್ಕಿದರು. ತಿಂಗಳ ಕೊನೆಯಲ್ಲಿ ಗಾಜನೂರಿನಿಂದ ಒಬ್ಬ ರೈತ ಓಡಿಬಂದ. ಹೆಂಡತಿಗೆ ಹಿಂದಿನ ದಿನದಿಂದ ನೋವು, ಮಗು ಅಡ್ಡ ನಿಂತಿದೆ. ಕಾರಿನಲ್ಲಿ ಪೆಟ್ರೋಲ್ ಇಲ್ಲ. ಸಾಲ ಕೇಳಲು ಹೋದ ಕಡೆಯಲ್ಲೂ ಇಲ್ಲ. ಎತ್ತಿನ ಗಾಡಿಯಲ್ಲಿ ಹೊರಟೆವು. ದಾರಿಯುದ್ದಕ್ಕೂ ಡಾಕ್ಟರು ಗಾಡಿಯಿಂದ ಇಳಿದು ನಡೆಯುವುದು, ಮತ್ತೆ ಹತ್ತುವುದು, ಮತ್ತೆ ಇಳಿಯುವುದು. ನಾವು ಹೋಗಿ ಮುಟ್ಟಿದಾಗ ತಾಯಿಗೆ ಉಸಿರಿತ್ತು, ಅವಳು ಉಳಿದಳು. ಮಗುವನ್ನು ನಾನೇ ತೆಗೆದು ಬಟ್ಟೆಯಲ್ಲಿ ಸುತ್ತಿದೆ. ಗಂಡುಮಗು. ಅಳಲೇ ಇಲ್ಲ.

ಮಾರನೆಯ ಬೆಳಿಗ್ಗೆ ಡಾಕ್ಟರು ಡ್ರೈವರಣ್ಣನನ್ನು ಅಂಗಳಕ್ಕೆ ಕರೆದರು. ಅವರು ಕೆಟ್ಟವರಲ್ಲ. ಬಡವರ ಹತ್ತಿರ ಒಂದು ಕಾಸು ಮುಟ್ಟದ ಮನುಷ್ಯ. ಆದರೆ ಅವತ್ತು ಅವರ ಕಣ್ಣು ಕೆಂಪಗಾಗಿತ್ತು.

"ಈಗ ತಾನೇ ಸರ್ವೀಸಾಗಿ ಬಂದ ಕಾರು. ಕಾರಲ್ಲಿ ದೋಷ ಇರೋಕೆ ಸಾಧ್ಯವಿಲ್ಲ. ದೋಷ ಎಲ್ಲಿದೆ ಅಂತ ನೀನೇ ಹೇಳಯ್ಯ."

"ನಂಗೂ ಗೊತ್ತಾಗ್ತಿಲ್ಲ ಸ್ವಾಮಿ."

"ಪೇಟೇಲಿ ಒಂದು ಸೀಸೆ ಪೆಟ್ರೋಲಿಗೆ ಎಷ್ಟು ರೇಟಿದೆ ಅನ್ನೋದು ನಿಂಗೆ ಗೊತ್ತಿರ್ಬೇಕಲ್ಲ. ನಿನ್ನೆ ಹೋದ ಮಗೂನ ಯಾವ ರೇಟಿಗೆ ಹಾಕೋಣ?"

ಯಾವತ್ತೂ ಬಾಯಿಮುಚ್ಚದ ಮನುಷ್ಯ, ಗುಂಡಿಗಳು ಮಿರಮಿರ ಮಿಂಚುವ ಕೋಟು ತೊಟ್ಟುಕೊಂಡು ನೆಲ ನೋಡುತ್ತಾ ನಿಂತಿದ್ದ. ನನಗೆ ಆ ನಿಲುವು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅದೇ ದಿನ ಕಮ್ಮಾರನೊಬ್ಬ ಬಂದು ಟ್ಯಾಂಕಿನ ಸುತ್ತ ಕಬ್ಬಿಣದ ಪಟ್ಟಿ ಬಿಗಿದು, ಪಟ್ಟಿಯ ಎರಡು ತುದಿ ಮುಚ್ಚಳದ ಮೇಲೆ ಸೇರುವಲ್ಲಿ ಬೀಗ ಜಡಿದ. ಬೀಗದಕೈ ಡಾಕ್ಟರ ಹೆಂಡತಿಯ ಸೊಂಟಕ್ಕೆ ಹೋಯಿತು, ಉಗ್ರಾಣದ ಬೀಗದಕೈ ಜೊತೆ. ಕಾರಿನ ಹಿಂಭಾಗದಲ್ಲಿ ನೇತಾಡುವ ಬೀಗವನ್ನು ದೊಡ್ಡಪೇಟೆ ನೋಡಿತು, ಭದ್ರಾವತಿ ಸಂತೆಯೂ ನೋಡಿತು. ಯಾಕೆ ಎಂದು ಯಾರೂ ಯಾರನ್ನೂ ಕೇಳಬೇಕಾಗಿ ಬರಲಿಲ್ಲ. ಡ್ರೈವರಣ್ಣ ಹಾರನ್ ಒತ್ತುವುದನ್ನು ನಿಲ್ಲಿಸಿದ.

ಅವನು ಮಲಗುತ್ತಿದ್ದುದು ಡಾಕ್ಟರ ಮನೆಯ ಕೊಟ್ಟಿಗೆಯಲ್ಲಿ, ಅವನ ಮನೆ ಮಾತ್ರ ಭದ್ರಾವತಿಯಲ್ಲಿ, ಹೊಳೆಯ ಹತ್ತಿರ. ಹೆಂಡತಿ ಸೇಲಂ ಕಡೆಯವಳು. ಅವಳ ಅಪ್ಪ ಕಬ್ಬಿಣದ ಕಾರ್ಖಾನೆಯ ಕುಲುಮೆ ಕೆಲಸಕ್ಕೆಂದು ಬಂದು ಇಲ್ಲೇ ನೆಲೆ ನಿಂತಿದ್ದನಂತೆ. ತಮಿಳು ಬೆರೆತ ಕನ್ನಡದಲ್ಲಿ ಅವಳು ನನಗೆ ಒಮ್ಮೆ ಹೇಳಿದಳು. ನೀರು ತರಲು ಹೋದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿಯುತ್ತಾರಂತೆ. ಪೆಟ್ರೋಲ್ ಕದ್ದದ್ದಕ್ಕಲ್ಲ, ಮಗು ಸತ್ತದ್ದಕ್ಕೆ.

ಬೀಗ ಬಿದ್ದ ಮೇಲೂ ಪೆಟ್ರೋಲ್ ಅದೇ ವೇಗದಲ್ಲಿ ಇಳಿಯುತ್ತಿತ್ತು. ಇದಾದರೂ ಅವನ ಪರವಾಗಿ ಸಾಕ್ಷಿ ನುಡಿಯಬೇಕಿತ್ತು ಅಲ್ಲವೇ? ಇಲ್ಲ. ಕಳ್ಳ ಬೀಗದಕೈ ಮಾಡಿಸಿದ್ದಾನೆ ಎಂದರು, ಕಾರನ್ನು ಕದ್ದು ಬೇರೆ ಕಡೆ ಓಡಿಸುತ್ತಾನೆ ಎಂದರು. ಅನುಮಾನ ಒಮ್ಮೆ ಮನೆಯೊಳಗೆ ಬಂತೆಂದರೆ ಮಣೆ ಹಾಕಿ ಕೂರಿಸುವವರಿಗೇನು ಕಡಿಮೆ. ಡ್ರೈವರಣ್ಣ ತಾನೇ ಹುಡುಕಲು ಹೊರಟ. ಕಾರಿನಡಿ ಹಳೆಯ ಬಟ್ಟೆ ಹಾಸಿ ಎಲ್ಲಾದರೂ ತೊಟ್ಟಿಕ್ಕುತ್ತದೆಯೇ ನೋಡಿದ. ಪ್ಲಗ್ ಬಿಚ್ಚಿ ಉಜ್ಜಿದ. ಕಾರ್ಬೊರೇಟರು ಕಳಚಿ ಊದಿ ಮತ್ತೆ ಕೂರಿಸಿದ. ಟಯರಿಗೆ ಗಾಳಿ ಹೊಡೆದ. ಏನು ಮಾಡಿದರೂ, ಡಾಕ್ಟರ ಹೆಂಡತಿ ಬೀಗ ತೆಗೆದು ಕಡ್ಡಿ ಅದ್ದಿಸಿದಾಗಲೆಲ್ಲ ಒದ್ದೆ ಗುರುತು ಕೆಳಗೇ ಇಳಿದಿರುತ್ತಿತ್ತು. ನನಗೂ ಒಮ್ಮೊಮ್ಮೆ ಇವನೇ ಏನಾದರೂ... ಎಂದು ಅನ್ನಿಸಿದ್ದು ಸುಳ್ಳಲ್ಲ.

ಒಂದು ಮಧ್ಯಾಹ್ನ ನಿದಿಗೆ ದಾಟಿ ಇಳಿಜಾರಿನ ನೆತ್ತಿಯಲ್ಲಿ ಅವನು ಎಂಜಿನ್ ಆರಿಸಿದ. ಡಾಕ್ಟರು ಅವತ್ತು ಇರಲಿಲ್ಲ. ಕಾರು ಉರುಳುತ್ತಾ ಹೋಗಿ ಅರ್ಧ ಇಳಿಜಾರಿನಲ್ಲೇ ನಿಂತುಬಿಟ್ಟಿತು. ಮೋರಿ ಇನ್ನೂ ಎಲ್ಲೋ ದೂರದಲ್ಲಿತ್ತು. ಸರ್ವೀಸಾದ ಮೇಲೆ ಡಾಕ್ಟರ ತಾಯಿಯ ಭಯಕ್ಕೆ ಎಂಜಿನ್ ಆರಿಸಬಾರದೆಂದು ಅಪ್ಪಣೆಯಾಗಿತ್ತು, ಹಾಗಾಗಿ ಅವನು ಅಷ್ಟು ದಿನ ಅಲ್ಲಿ ಉರುಳಿಸಿಯೇ ಇರಲಿಲ್ಲ. ಅವನು ಇಳಿದು ಚಕ್ರದ ಬಳಿ ಕೂತ. ನಾವು ಜ್ವರ ನೋಡುವಾಗ ಹಣೆ ಮುಟ್ಟುತ್ತೇವಲ್ಲ, ಹಾಗೆ ಕೈಯ ಹಿಂಬದಿ ಇಟ್ಟ.

"ಬಾ ಇಲ್ಲಿ ನರ್ಸಮ್ಮ. ಮುಟ್ಟು."

ಮುಟ್ಟಿದೆ. ಸುಡುತ್ತಿತ್ತು. ಆ ವಾಸನೆ ಅವತ್ತೇ ನನ್ನ ಮೂಗಿಗೆ ಹತ್ತಿದ್ದು.

"ಬ್ರೇಕ್ ಹಿಡ್ಕೊಂಡೇ ಓಡ್ತಿದೆ ಮಾರಾಯ್ತಿ. ಮುಂದೆ ಎತ್ತು ಎಳೀತಿದೆ, ಹಿಂದೆ ಯಾರೋ ಗಾಡಿ ಹಿಡ್ಕೊಂಡು ಕೂತಂಗೆ. ಪೆಟ್ರೋಲ್ ಎಲ್ಲ ಇಲ್ಲಿ ಸುಡ್ತಿದೆ ನೋಡು." ಮಡ್ಗಾರ್ಡಿಗೆ ಅಂಗೈಯಿಂದ ಒಂದು ಏಟು ಕೊಟ್ಟ. ಸಂತೋಷಕ್ಕೋ ಸಿಟ್ಟಿಗೋ ಹೇಳಲಾರೆ.

ಡಾಕ್ಟರಿಗೆ ಹೇಳಿದ. ನಾನೂ ಪಕ್ಕದಲ್ಲಿ ನಿಂತು, ಹೌದು, ನಾನು ಮುಟ್ಟಿ ನೋಡಿದೆ ಎಂದೆ. ಡಾಕ್ಟರು ಇಬ್ಬರನ್ನೂ ಒಂದೇ ನೋಟದಲ್ಲಿ ನೋಡಿದರು. "ಬ್ರೇಕ್ ಬಿಗಿ ಮಾಡಿಸಿದ್ದು ನಾನು. ಅಮ್ಮ ಕೂರೋ ಕಾರು. ಅದನ್ನ ಯಾರೂ ಮುಟ್ಟಕೂಡ್ದು. ಈಗ ನೆಪಕ್ಕೆ ಬ್ರೇಕ್ ಸಿಕ್ತೇನಯ್ಯ ನಿಂಗೆ?" ಎಂದರು. ನನಗೆ, "ನೀವು ಹೆರಿಗೆ ನೋಡ್ಕೊಳ್ಳಿ," ಎಂದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಗಾಜನೂರಿನ ಗಾಡಿಯಲ್ಲಿ ಅವರು ಇಳಿದು ಹತ್ತಿ ಒದ್ದಾಡಿದ್ದನ್ನು ನಾನೇ ನೋಡಿದ್ದೆ. ಆ ಮಗುವಿಗೆ ಒಬ್ಬ ಕೊಂದವನು ಬೇಕಾಗಿದ್ದ ಅವರಿಗೆ. ತಿರುಪಿನ ಮೇಲೆ ಆ ತಪ್ಪು ಹೊರಿಸಲು ಅವರಿಂದ ಆಗಲಿಲ್ಲ, ಆ ತಿರುಪನ್ನು ಬಿಗಿ ಮಾಡಿಸಿದವರು ಅವರೇ.

ಡ್ರೈವರಣ್ಣ ಯಾರಿಗೂ ಹೇಳದೆ ತಿರುಪು ಸಡಿಲಿಸಿದ. ಮುಂದಿನ ಸಲ, ಡಾಕ್ಟರಿಲ್ಲದ ದಿನ ನೋಡಿ ಎಂಜಿನ್ ಆರಿಸಿದಾಗ, ಕಾರು ಇಳಿಜಾರಿನ ಬುಡದವರೆಗೆ ಬಂತು. ಅದರ ಮುಂದಿನ ಸಲ ಮೋರಿ ಮುಟ್ಟಿತು. ನಾನು ಸಮಾಧಾನದ ಉಸಿರು ಬಿಟ್ಟೆ. ಆದರೆ ಅವನು ಅಲ್ಲಿಗೆ ನಿಲ್ಲಿಸಲಿಲ್ಲ. ಹಿಂದಿನ ತಿಂಗಳು ಸುಟ್ಟುಹೋದದ್ದನ್ನೂ ಈ ತಿಂಗಳಲ್ಲೇ ತುಂಬಿ ಕೊಡಬೇಕೆಂಬ ಹಟ ಹತ್ತಿತ್ತು. ಇನ್ನೊಂದು ಸುತ್ತು ಸಡಿಲ. ಕಾರು ಮೋರಿ ದಾಟಿತು. ಇನ್ನರ್ಧ ಸುತ್ತು. ಮೋರಿಯಾಚೆಯ ಹೊಂಗೆ ಮರವನ್ನೂ ದಾಟಿತು. ಆ ಸದ್ದಿಲ್ಲದ ಓಟ ಪ್ರತಿ ಸಲವೂ ಉದ್ದವಾಗುತ್ತಾ ಹೋಯಿತು. ಗಾಳಿಯ ಶಬ್ದ ಈಗ ನನಗೆ ಇಷ್ಟವಾಗುತ್ತಿರಲಿಲ್ಲ. ಸೀಟಿನ ಅಂಚನ್ನು ಹಿಡಿದು ಕೂರುತ್ತಿದ್ದೆ. ಎದುರಿಗೆ ಭದ್ರಾವತಿಯ ಚಿಮಣಿಗಳ ಹೊಗೆ ಆಕಾಶದಲ್ಲಿ ಅಡ್ಡಕ್ಕೆ ಬಿದ್ದುಕೊಂಡಿರುತ್ತಿತ್ತು. ನಾವು ಅದರತ್ತ ಹೋಗುತ್ತಿರುವಂತೆ ಕಾಣುತ್ತಿರಲಿಲ್ಲ, ಅದೇ ನಮ್ಮನ್ನು ಎಳೆದುಕೊಳ್ಳುತ್ತಿರುವಂತೆ ಅನ್ನಿಸುತ್ತಿತ್ತು.

"ಅಣ್ಣ, ನಿಲ್ಸೋಕೆ ಆಗುತ್ತಾ ಇದನ್ನ?" ಎಂದು ಕೇಳಿದೆ ಒಂದು ದಿನ.

"ಗೇರ್ ಇದೆಯಲ್ಲ, ಕೈಬ್ರೇಕ್ ಇದೆಯಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ನಾನಿದ್ದೀನಿ. ತಿಂಗಳು ಮುಗೀಲಿ, ಬಿಗಿ ಮಾಡ್ತೀನಿ."

ತಿಂಗಳು ಮುಗಿಯಿತು. ಡಾಕ್ಟರ ಹೆಂಡತಿ ಬೀಗ ತೆಗೆದರು, ಡಾಕ್ಟರೇ ಕಡ್ಡಿ ಅದ್ದಿದರು. ಪೆಟ್ರೋಲ್ ಉಳಿದಿತ್ತು. ಸರ್ವೀಸಿಗೆ ಮೊದಲೂ ಅಷ್ಟು ಉಳಿದದ್ದಿಲ್ಲ. ಡ್ರೈವರಣ್ಣ ಕೋಟಿನ ಗುಂಡಿಗಳನ್ನು ಮತ್ತೆ ಉಜ್ಜಿಕೊಂಡು ಬಂದು ನಿಂತಿದ್ದ. ಡಾಕ್ಟರು ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದರು, ತಲೆಯಾಡಿಸಿದರು, ಹೆಂಡತಿಯ ಕಡೆ ತಿರುಗಿದರು.

"ನೋಡಿದ್ಯಾ? ಬೀಗ ಕೆಲಸ ಮಾಡ್ತು."

ಮನುಷ್ಯನ ಮುಖದಲ್ಲಿ ರಕ್ತ ಇಂಗುವುದನ್ನು ನನ್ನ ಕೆಲಸದಲ್ಲಿ ಬಹಳ ಸಲ ನೋಡಿದ್ದೇನೆ. ಅವತ್ತು ಡ್ರೈವರಣ್ಣನ ಮುಖದಲ್ಲಿ ನೋಡಿದ್ದು ಅದೇ. ಉಳಿಸಿ ತೋರಿಸಿದ್ದೇ ಅವನು ಮೊದಲು ಕದ್ದಿದ್ದಕ್ಕೆ ಸಾಕ್ಷಿಯಾಗಿಬಿಟ್ಟಿತು. ಬ್ರೇಕ್ ಸಡಿಲಿಸಿದ್ದರಿಂದ ಉಳಿಯಿತು ಎನ್ನಲು ಬಾಯಿಲ್ಲ, ಮುಟ್ಟಬೇಡ ಎಂದಿದ್ದನ್ನು ಮುಟ್ಟಿದ್ದಾನೆ. ಕೊನೆಗೆ ಅವನು ಕೈ ಜೋಡಿಸಿದ. "ಬೀಗ ತೆಗೆದುಬಿಡಿ ಸ್ವಾಮಿ. ಒಂದು ತಿಂಗಳು ಬೀಗ ಇಲ್ದೆ ಓಡಿಸ್ತೀನಿ. ಇಷ್ಟೇ ಉಳ್ಸಿ ತೋರಿಸ್ತೀನಿ. ಉಳೀಲಿಲ್ಲ ಅಂದ್ರೆ ನೀವು ಹೇಳಿದ್ದು ನಿಜ ಅಂತ ಒಪ್ಕೋತೀನಿ."

ಡಾಕ್ಟರು ಬಹಳ ಹೊತ್ತು ಯೋಚಿಸಿ ಒಪ್ಪಿದರು. ಅವರಿಗೂ ಆ ಬೀಗ ನೋಡಿ ನೋಡಿ ಬೇಸರ ಬಂದಿತ್ತು ಎಂದು ಕಾಣುತ್ತದೆ. ಪಟ್ಟಿ ಕಳಚಿ ಕೊಟ್ಟಿಗೆಯ ಮೂಲೆಗೆ ಎಸೆದರು. ಡ್ರೈವರಣ್ಣ ಮನೆಗೆ ಹೋಗಿ ಹೆಂಡತಿಗೆ ಹೇಳಿದನಂತೆ, ಇನ್ನೊಂದು ತಿಂಗಳು, ಆಮೇಲೆ ಕೊಡ ಹೊತ್ತು ತಲೆ ಎತ್ತಿ ಹೋಗು ಎಂದು.

ನನಗೆ ಮಾತ್ರ ಅವತ್ತಿನಿಂದ ಹೆದರಿಕೆ ಶುರುವಾಯಿತು. ಇನ್ನು ಅವನು ತಿರುಪು ಬಿಗಿ ಮಾಡುವಂತಿಲ್ಲ ಎಂಬುದು ನನಗೆ ಗೊತ್ತಿತ್ತು. ಬಿಗಿ ಮಾಡಿದರೆ ಮಾತು ಕೊಟ್ಟಷ್ಟು ಪೆಟ್ರೋಲ್ ಉಳಿಯುವುದಿಲ್ಲ. ಬೀಗವಿಲ್ಲದ ತಿಂಗಳಲ್ಲಿ ಪೆಟ್ರೋಲ್ ಇಳಿದರೆ ಅವನು ಕಳ್ಳ, ಮಗು ಕೊಂದವನು. ಸ್ವಲ್ಪ ಬಿಗಿ ಮಾಡು, ಸರ್ವೀಸಿಗೆ ಮೊದಲು ಇದ್ದಷ್ಟು ಮಾಡು ಸಾಕು, ಡಾಕ್ಟರಿಗೆ ನಾನು ಹೇಳುತ್ತೇನೆ ಎಂದು ಗೋಗರೆದೆ. ಅವನು ನಗಲಿಲ್ಲ, ಜಂಬವನ್ನೂ ಕೊಚ್ಚಲಿಲ್ಲ. "ನೀನು ಹೇಳಿದ್ರೆ ಕೇಳ್ತಾರಾ ನರ್ಸಮ್ಮ?" ಎಂದಷ್ಟೇ ಕೇಳಿದ. ಕೇಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅದಾಗಿ ಬಹಳ ದಿನವೇನೂ ಕಳೆಯಲಿಲ್ಲ. ಡಾಕ್ಟರಿಗೆ ಜ್ವರ. ಔಷಧಿಯ ಪೆಟ್ಟಿಗೆ ತೆಗೆದುಕೊಂಡು ದವಾಖಾನೆಗೆ ನಾನೊಬ್ಬಳೇ ಹೊರಟೆ. ಬಿಸಿಲು ಇನ್ನೂ ಏರಿರಲಿಲ್ಲ. ನಿದಿಗೆಯ ಇಳಿಜಾರನ್ನು ಉರುಳುತ್ತಾ ಇಳಿದೆವು, ಹೊಂಗೆ ಮರವನ್ನು ಎಷ್ಟೋ ಹಿಂದೆ ಬಿಟ್ಟು ನಿಂತೆವು. ಭದ್ರಾವತಿ ಬಂತು. ಹೊಳೆಯ ಸೇತುವೆಗೆ ಇಳಿಯುವ ರಸ್ತೆಯ ಮೇಲ್ತುದಿಯಲ್ಲಿ ಅವನು ಅಭ್ಯಾಸಬಲದಿಂದ ಮತ್ತೆ ಎಂಜಿನ್ ಆರಿಸಿದ.

ತಿರುವು ದಾಟಿದಾಗ ಕಂಡಿತು. ಕಾರ್ಖಾನೆಗೆ ಇದ್ದಿಲು ಹೊತ್ತ ಗಾಡಿಗಳು ಸೇತುವೆಯ ಬಾಯಿಯಿಂದ ಹಿಂದಕ್ಕೆ ಸಾಲುಗಟ್ಟಿ ನಿಂತಿದ್ದವು. ಸೇತುವೆಯ ಮೇಲೆ ಯಾವುದೋ ಗಾಡಿಯ ಅಚ್ಚು ಮುರಿದಿತ್ತಂತೆ. ಗಾಡಿಗಳ ಪಕ್ಕದಲ್ಲಿ ಕೊಡ ಹೊತ್ತ ಹೆಂಗಸರು, ಗಾಡಿಯವರು, ಹೂಡಿದ ಎತ್ತುಗಳು. ಡ್ರೈವರಣ್ಣ ಬ್ರೇಕ್ ತುಳಿದ. ಕಾಲು ನೆಲದ ಹಲಗೆಗೆ ತಾಗಿದ ಸದ್ದು ಕೇಳಿತು, ಬ್ರೇಕ್ ಹಿಡಿಯಲಿಲ್ಲ. ಕೈಬ್ರೇಕ್ ಎಳೆದ, ಅದೂ ಹಿಡಿಯಲಿಲ್ಲ. ಗೇರ್ ಹಾಕಲು ನೋಡಿದ, ಹಲ್ಲುಗಳು ಕಿರ್ರೆಂದು ಕಿರುಚಿದವು, ಕೂರಲಿಲ್ಲ. ಹಾರನ್ ಒತ್ತಲು ಅವನಿಗೆ ಕೈ ಬಿಡುವಿರಲಿಲ್ಲ. ಅಷ್ಟು ಜನರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ, ಯಾಕೆಂದರೆ ನಾವು ಬರುತ್ತಿದ್ದ ಸದ್ದೇ ಇರಲಿಲ್ಲ.

"ನರ್ಸಮ್ಮ, ಗಟ್ಟಿ ಹಿಡ್ಕೊ," ಎಂದ. ಎಂದಿನ ಧ್ವನಿಯಲ್ಲೇ. ಎರಡೂ ಕೈಯಿಂದ ಸ್ಟಿಯರಿಂಗನ್ನು ಹೊಳೆಯ ಕಡೆಗೆ ತಿರುಗಿಸಿಬಿಟ್ಟ.

ಎಚ್ಚರವಾದಾಗ ನಾನು ದಡದ ಹುಲ್ಲಿನ ಮೇಲೆ ಬಿದ್ದಿದ್ದೆ. ಎಡಗೈ ಮುರಿದಿತ್ತು. ಕಾರು ಕೆಳಗೆ ಬಂಡೆಗೆ ಮೂತಿ ಕೊಟ್ಟು ಓರೆಯಾಗಿ ನಿಂತಿತ್ತು. ಡ್ರೈವರಣ್ಣ ಸ್ಟಿಯರಿಂಗಿನ ಮೇಲೆ ಎದೆಯಿಟ್ಟು ಮಲಗಿದ್ದ. ತೆವಳಿಕೊಂಡು ಹೋಗಿ ಕುತ್ತಿಗೆ ಮುಟ್ಟಿ ನೋಡಿದೆ. ನರ್ಸಾಗಿ ಅಷ್ಟು ವರ್ಷ ಕಲಿತದ್ದು ಬೇಡವೆನಿಸಿತು, ಯಾಕೆಂದರೆ ಮುಟ್ಟಿದ ಕೂಡಲೇ ಗೊತ್ತಾಯಿತು. ಗಾಡಿಗಳ ಸಾಲಿನಲ್ಲಿ ಒಬ್ಬರಿಗೂ ಒಂದು ಗೀರು ಬಿದ್ದಿರಲಿಲ್ಲ.

ಜನ ಇಳಿದು ಬಂದರು. ಕೆಲವರು ಅವನನ್ನು ಎತ್ತಿದರು, ಯಾರೋ ನನಗೆ ನೀರು ಕೊಟ್ಟರು. ಆಗ ನೋಡಿದೆ. ಒಬ್ಬ ಮನುಷ್ಯ ಕಾರಿನ ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸುತ್ತಿದ್ದ. ಇನ್ನೊಬ್ಬ ಸೀಮೆಎಣ್ಣೆ ಡಬ್ಬ ತಂದ. ರಬ್ಬರು ಕೊಳವೆ ಎಲ್ಲಿಂದ ಬಂತೋ. ಬೇಡ, ಅದನ್ನು ಮುಟ್ಟಬೇಡಿ ಎಂದೆ, ಯಾರೂ ಕಿವಿಗೊಡಲಿಲ್ಲ... ಡಾಕ್ಟರು ಜ್ವರದಲ್ಲೇ ಎದ್ದು ಬಸ್ಸು ಹತ್ತಿ ಬರುವ ಹೊತ್ತಿಗೆ ಟ್ಯಾಂಕಿನಲ್ಲಿ ಒಂದು ಹನಿಯೂ ಇರಲಿಲ್ಲ. ಕಡ್ಡಿ ಅದ್ದಿದ ಪೊಲೀಸಿನವನು ಒಣ ಕಡ್ಡಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸಿದ.

ವರ್ಕ್‌ಶಾಪಿನ ಮೇಸ್ತ್ರಿ ಮಾರನೆಯ ದಿನ ಬಂದು ಕಾರಿನಡಿ ನುಸುಳಿ ಹೊರಬಂದ. ಡಾಕ್ಟರ ಮುಖ ನೋಡದೆ, "ತಿರುಪು ಪೂರ್ತಿ ಬಿಟ್ಟಿದೆ ಸ್ವಾಮಿ. ಸರ್ವೀಸಲ್ಲಿ ನಾನೇ ಬಿಗಿ ಮಾಡಿದ್ದೆ, ತುಸು ಹೆಚ್ಚೇ ಆಗಿತ್ತು. ಚಕ್ರ ಉಜ್ತಿತ್ತು. ನೀವು ಹೇಳಿದ್ರಲ್ಲ ಅಂತ..." ಎಂದ. ಡಾಕ್ಟರು ಅಲ್ಲೇ ಕಲ್ಲಿನ ಮೇಲೆ ಕೂತರು. ನಾನು ಕಂಡದ್ದನ್ನೆಲ್ಲ ಹೇಳಿದೆ, ಚಕ್ರ ಸುಟ್ಟದ್ದು, ಅವನು ಸಡಿಲಿಸಿದ್ದು, ಡಬ್ಬ ತಂದವರು. ಈ ಸಲ ಅವರು ಕೇಳಿಸಿಕೊಂಡರು.

ಡ್ರೈವರಣ್ಣನ ಹೆಂಡತಿ ದವಾಖಾನೆಗೆ ಬಂದಳು. ಅತ್ತು ಅತ್ತು ಧ್ವನಿ ಒಡೆದಿತ್ತು. ಡಾಕ್ಟರು ಏನೋ ಕೊಡಲು ಹೋದರು, ಮುಟ್ಟಲಿಲ್ಲ. "ಅದೆಲ್ಲ ವೇಂಡ ಸ್ವಾಮಿ. ಅವ್ರು ಕದ್ದಿಲ್ಲಾಂತ ನೀವು ವೊಂದು ಸಲ ಹೇಳಿ. ಎಲ್ಲಾರೂ ಇರೋವಾಗ ಹೇಳಿ."

ಡಾಕ್ಟರು ಹೇಳಿದರು. ಸಂತೆಯ ದಿನ, ದವಾಖಾನೆಯ ಮುಂದೆ ಜನ ಕಿಕ್ಕಿರಿದಿದ್ದಾಗ ಮೆಟ್ಟಿಲ ಮೇಲೆ ನಿಂತು, ತನ್ನ ಡ್ರೈವರ್ ಒಂದು ಹನಿ ಪೆಟ್ರೋಲನ್ನೂ ಕದ್ದಿರಲಿಲ್ಲ, ತಪ್ಪು ತನ್ನದು, ಮಗುವಿನ ಸಾವಿಗೂ ಅವನು ಕಾರಣನಲ್ಲ ಎಂದು ಗಟ್ಟಿಯಾಗಿ ಹೇಳಿದರು. ಜನ ತಲೆ ತಗ್ಗಿಸಿ ಕೇಳಿದರು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅವರು ಒಳಗೆ ಹೋದ ಮೇಲೆ ಔಷಧಿಗೆ ನಿಂತಿದ್ದ ಒಬ್ಬಳು ಮುದುಕಿ ಪಕ್ಕದವಳಿಗೆ ಹೇಳಿದ್ದು ಕೇಳಿಸಿತು. "ದೇವರಂಥ ಮನುಷ್ಯ ಕಣೆ. ಸತ್ತೋನ ಮೇಲೆ ಕಳ್ತನ ಹೊರ್ಸೋಕೆ ಮನಸ್ಸು ಬರ್ಲಿಲ್ಲ ನೋಡು, ತಪ್ಪನ್ನ ತನ್ ಮೇಲೇ ಹಾಕ್ಕೊಂಡ್ರು."

ಪಕ್ಕದವಳು ಕಣ್ಣೊರೆಸಿಕೊಂಡಳು, ಡಾಕ್ಟರಿಗಾಗಿ.

ಡ್ರೈವರಣ್ಣನ ಹೆಂಡತಿ ಸೇಲಂ ಕಡೆ, ಅಪ್ಪನ ಊರಿಗೆ ಹೋದಳೆಂದು ಆಮೇಲೆ ತಿಳಿಯಿತು. ನಾನು ಕೈಗೆ ಕಟ್ಟು ಕಟ್ಟಿಸಿಕೊಂಡಿದ್ದ ದಿನಗಳಲ್ಲೇ ಹೊರಟುಬಿಟ್ಟಿದ್ದಳು. ಡಾಕ್ಟರು ಮತ್ತೆ ಕಾರು ಇಡಲಿಲ್ಲ, ಇದ್ದಿಲಿನ ಬಸ್ಸಿನಲ್ಲಿ ಕೆಮ್ಮುತ್ತಾ ಓಡಾಡಿದರು. ಈಗ ಅವರೂ ಇಲ್ಲ, ಅವರ ಹೆಂಡತಿಯೂ ಇಲ್ಲ, ಮೇಸ್ತ್ರಿಯೂ ಇಲ್ಲ.

ಎರಡು ವರ್ಷದ ಕೆಳಗೆ ಭದ್ರಾವತಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟವಾದ ಮೇಲೆ ಯಾರೋ ಹಿರಿಯರು ಹಳೆಯ ಕಾಲದ ಕತೆ ಹೇಳುತ್ತಿದ್ದರು. ಯುದ್ಧದ ಕಾಲದಲ್ಲಿ ಡಾಕ್ಟರೊಬ್ಬರ ಪೆಟ್ರೋಲ್ ಕದ್ದು ಮಾರುತ್ತಿದ್ದ ಡ್ರೈವರ್ ಇದ್ದನಂತೆ, ಅವನಿಂದ ಒಂದು ಕೂಸು ಸತ್ತಿತಂತೆ, ಹೊಳೆಯ ತಾಯಿ ಅವನನ್ನು ಸುಮ್ಮನೆ ಬಿಡಲಿಲ್ಲವಂತೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನಾನು ಎದ್ದು ನಿಂತು, ಅದು ಸುಳ್ಳು, ಆ ಕಾರಿನಲ್ಲಿ ನಾನಿದ್ದೆ ಎಂದೆ. ಎಲ್ಲವನ್ನೂ ಹೇಳಿದೆ. ತಿರುಪು, ಬಿಸಿ ಚಕ್ರ, ಹೊಳೆಯ ಕಡೆ ತಿರುಗಿಸಿದ ಕೈಗಳು. ಅವರು ಗೌರವದಿಂದ ಕೇಳಿದರು, ಕೊನೆಯಲ್ಲಿ ಮುಗುಳ್ನಕ್ಕು, "ಇರಬಹುದು ಬಿಡಿ ಅಜ್ಜಿ, ನಿಮಗೆ ವಯಸ್ಸಾಗಿದೆ," ಎಂದರು. ಮಕ್ಕಳು ಅವರ ಕಡೆಗೇ ತಿರುಗಿ ಕೂತರು.

ಅವನಿಗೆ ಮಕ್ಕಳಿರಲಿಲ್ಲ. ಅವನ ಮುಖ ಕಂಡಿದ್ದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳು. ನನಗೂ ದಿನ ಹತ್ತಿರ ಬಂದಿದೆ ಎಂದು ಗೊತ್ತು, ಅದಕ್ಕೆ ಬೇಸರವಿಲ್ಲ. ಅವನು ಕದ್ದಿರಲಿಲ್ಲ ಎಂಬ ಮಾತೂ ನನ್ನ ಜೊತೆಗೇ ಹೋಗುತ್ತದಲ್ಲ, ಅದಕ್ಕೆ ಅಳು ಬರುತ್ತದೆ.